ನರಗಳ ದಾರಿ ಕಾದ ಸೀತಾದೇವಿಯವರು

ಮೊಟ್ಟೆಯೊಳಗಿನ ಕೋಳಿಮರಿಗೆ ಕಣ್ಣು ಮೂಡುವ ಬಗೆಯನ್ನು ಮೂವತ್ತೊಂದು ವರ್ಷ ಬಿಡದೆ ಅಭ್ಯಸಿಸಿ, ತರೀಕೆರೆಯ ಪದವಿ ಕಾಲೇಜೊಂದರಲ್ಲಿ ಭ್ರೂಣಶಾಸ್ತ್ರಕ್ಕೆ ನೆಲೆ ಕಲ್ಪಿಸಿದವರು ಡಾ. ಸೀತಾದೇವಿಯವರು. ಕಡೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ಪ್ರಾಣಿಶಾಸ್ತ್ರದ ಉಪನ್ಯಾಸಕಿಯಾಗಿ ಬಂದಾಗ ಅವರ ಪಾಲಿಗೆ ಸಿಕ್ಕಿದ್ದು ಒಂದು ಇಕ್ಕಟ್ಟು ಕೋಣೆ, ಹಳೆಯ ಇನ್‌ಕ್ಯುಬೇಟರ್ ಮತ್ತು ಅಟೆಂಡರ್ ಜವರಯ್ಯ. ಬುಕ್ಕಾಂಬುಧಿಯ ತಮ್ಮ ಮನೆಯಿಂದ ನಾಟಿ ಕೋಳಿಯ ಮೊಟ್ಟೆಗಳನ್ನು ಹೊಟ್ಟಿನಲ್ಲಿ ಹುದುಗಿಸಿ, ಬಸ್ಸಿನಲ್ಲಿ ಒಂದೂ ಒಡೆಯದಂತೆ ತರುತ್ತಿದ್ದವರು ಜವರಯ್ಯನವರೇ.

ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾಕ್ಕೆ ನೋವು, ಸ್ಪರ್ಶಗಳನ್ನು ತಿಳಿಸುವ ನರಗಳು ಹೇಗೆ ಬಂದು ಸೇರುತ್ತವೆ ಎಂಬುದು ಸೀತಾದೇವಿ ಮೇಡಂ ಅವರ ಸಂಶೋಧನೆಯ ವಿಷಯ. ಮೊಟ್ಟೆ ಕಾವಿಗೆ ಕೂತ ಐದನೆಯ ದಿನದ ಸುಮಾರಿಗೆ ಆ ನರಗಳು ಅಂಚಿಗೆ ಬಂದಿರುತ್ತವೆ. ಆದರೆ ಒಳಗೆ ಕಾಲಿಡುವುದಿಲ್ಲ. ಸುತ್ತಲೂ ಬಳೆಯಂತೆ ಹಬ್ಬಿ ನಿಂತು, ಹತ್ತನೆಯ ದಿನದ ಹೊತ್ತಿಗೆ ಎಲ್ಲ ದಿಕ್ಕಿನಿಂದಲೂ ನಡುವಿನತ್ತ ಹೊರಡುತ್ತವೆ.

ಹತ್ತು ವರ್ಷಗಳ ಹಿಂದೆ, ವಿಚಾರ ಸಂಕಿರಣವೊಂದರಲ್ಲಿ ಈ ಕುರಿತು ಪ್ರಬಂಧ ಓದಲು ಮೇಡಂ ಮೈಸೂರಿಗೆ ಹೊರಟು ನಿಂತಿದ್ದರು. ಕಸ ಗುಡಿಸುತ್ತಿದ್ದ ಜವರಯ್ಯನವರ ಬಲಗಣ್ಣು ಕೆಂಪಾಗಿತ್ತು. ಕರಿಗುಡ್ಡೆಯ ಮೇಲೊಂದು ಹೊಟ್ಟಿನ ಚೂರು ಅಂಟಿತ್ತು. ಅವರು ರೆಪ್ಪೆ ಕೂಡ ಬಡಿಯುತ್ತಿರಲಿಲ್ಲ.

“ಚುಚ್ಚಲ್ವಾ ಜವರಯ್ಯ?”

“ಏನೂ ಇಲ್ಲ ಮೇಡಂ. ಒಂಚೂರೂ ನೋವಿಲ್ಲ.”

ಚುಚ್ಚಬೇಕಾದ ಕಡೆ ನೋವೇ ಇಲ್ಲವೆಂಬ ಆ ಉತ್ತರ ಕೇಳಿ ಮೇಡಂ ಕೈಚೀಲ ಕೆಳಗಿಟ್ಟರು. ತಿಂಗಳ ಹಿಂದೆ ಜವರಯ್ಯನವರ ಹಣೆಗೆ, ನರಗಳನ್ನೇ ಕಾಡುವ ಸರ್ಪಸುತ್ತು ಆಗಿತ್ತು. ರಜೆ ಮಂಜೂರು ಮಾಡಿಸಿದ್ದ ತಾನು, ಕಣ್ಣಿನ ನರಕ್ಕೂ ಪೆಟ್ಟು ಬಿದ್ದಿದೆಯೇ ಎಂದು ಕೇಳಲಿಲ್ಲವಲ್ಲ! ರೈಲು ಬಿಟ್ಟು ಅವರನ್ನು ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ನರ ಸತ್ತ ಕಾರ್ನಿಯಾದಲ್ಲಿ ಹುಣ್ಣಾಗಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಕಣ್ಣೇ ಹೋಗುತ್ತಿತ್ತೆಂದರು ವೈದ್ಯರು.

ಎರಡು ಗಂಟೆಗೊಮ್ಮೆ ಕಣ್ಣಿಗೆ ಔಷಧದ ಹನಿ ಬಿಡಬೇಕಿತ್ತು. ಹೊತ್ತಾದರೆ ಪಾಠದ ನಡುವೆ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ ಮೇಡಂ ಎದ್ದು ಹೋಗುತ್ತಿದ್ದರು. ಹುಣ್ಣು ಮಾಯಿತು, ಸ್ಪರ್ಶ ಮರಳಲಿಲ್ಲ. ಕುಗ್ಗಿಹೋಗಿದ್ದ ಜವರಯ್ಯನವರನ್ನು ಒಮ್ಮೆ, ಆರು ದಿನದ ಭ್ರೂಣದ ಕಣ್ಣಿಟ್ಟಿದ್ದ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಅಷ್ಟು ವರ್ಷ ಮೊಟ್ಟೆ ಹೊತ್ತು ತಂದವರು ಒಳಗನ್ನು ನೋಡಿದ್ದು ಅಂದೇ.

“ಸುತ್ತ ನಿಂತ್ಕಂಡವೆ, ಒಳಕ್ಕೆ ಹೋಗಿಲ್ವಲ್ಲ ಮೇಡಂ?”

“ಇನ್ನು ನಾಲ್ಕೈದು ದಿನಕ್ಕೆ ಹೋಗ್ತವೆ.”

“ನನ್ನವೂ ಹೋಗ್ತಾವಾ?”

“ಗೊತ್ತಿಲ್ಲ ಜವರಯ್ಯ. ಮರಿಯದು ಹೊಸ ಕಣ್ಣು. ನಿಮ್ಮದು ಪೆಟ್ಟು ತಿಂದ ಕಣ್ಣು. ನಿಮಗೆ ಸುಳ್ಳು ಹೇಳಲಾರೆ. ಹನಿ ಮಾತ್ರ ತಪ್ಪಿಸೋದು ಬೇಡ.”

ಎಂಟನೆಯ ತಿಂಗಳು, ಎಂದಿನಂತೆ ಹನಿ ಬಿದ್ದೊಡನೆ ಜವರಯ್ಯ ಮುಖ ಕಿವುಚಿ ಎದ್ದು ನಿಂತರು. “ಅಯ್ಯಯ್ಯೋ, ಚುರುಗುಟ್ಟಿತು ಮೇಡಂ! ಉರೀತೈತೆ ಕಣ್ರೀ!” ನಗುತ್ತಲೇ ಕಣ್ಣೊರೆಸಿಕೊಂಡರು. ಅಂದು ತರಗತಿಗೆ ಮರಳಿದ ಮೇಡಂಗೆ ಎಲ್ಲಿಗೆ ಪಾಠ ನಿಲ್ಲಿಸಿದ್ದೆನೆಂದು ನೆನಪಾಗಲಿಲ್ಲ. ಸ್ಪರ್ಶ ಪೂರ್ತಿ ಬರಲಿಲ್ಲ, ನೋಟದಲ್ಲಿ ತುಸು ಮಬ್ಬೂ ಉಳಿಯಿತು. ಆದರೆ ಕಣ್ಣು ಉಳಿಯಿತು.

ಈ ಜೂನ್‌ನಲ್ಲಿ ನಿವೃತ್ತರಾದ ಸೀತಾದೇವಿಯವರು ಹಳ್ಳಿಯ ಮಕ್ಕಳಿಗಾಗಿ ಭ್ರೂಣಶಾಸ್ತ್ರದ ಪುಸ್ತಕವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದಾರೆ. ಹಸ್ತಪ್ರತಿಯ ಮೊದಲ ಓದುಗರಾದ ಜವರಯ್ಯನವರು ಅರ್ಥವಾಗದ ಕಡೆ ಪೆನ್ಸಿಲ್ ಗೀಟು ಹಾಕಿ ಕೊಡುತ್ತಾರೆ. ಮೇಡಂ ಆ ಪುಟವನ್ನು ಮತ್ತೆ ಬರೆಯುತ್ತಾರೆ. ಆ ಬರವಣಿಗೆ ನಿಧಾನವಾಗಿಯೇ ಸಾಗಲಿ. ಅದಕ್ಕೆ ಬೇಕಾದ ಆಯುರಾರೋಗ್ಯಗಳು ಇಬ್ಬರಿಗೂ ತುಂಬಿ ಬರಲಿ.