ಮುತ್ತಮ್ಮನ ಹಕ್ಕಿ, ದೊಡ್ಡತಾಯಮ್ಮನ ಸೀರೆ

ಕಿರಂಗೂರಿನ ನಮ್ಮ ಬೀದಿಗೆ ಬರುವ ಯಾವುದೇ ಹೊಸದು ಮೊದಲು ದೊಡ್ಡತಾಯಮ್ಮನವರ ಮನೆಗೇ ಬರಬೇಕು. ಮೊದಲ ಟಿವಿ, ಮೊದಲ ಮಿಕ್ಸಿ, ಹಾಲು ಕರೆಯುವ ಮೊದಲ ಮಿಷನ್ನು, ಎಲ್ಲವೂ ಆ ಬಾಗಿಲಲ್ಲೇ ಇಳಿದವು. ನೋಡಲು ಬಂದವರಿಗೆಲ್ಲ ಕಾಫಿ ಕೊಟ್ಟು, ಪಕ್ಕದ ಮನೆಯ ಮುತ್ತಮ್ಮನಿಗೆ ಕೇಳುವಷ್ಟು ಜೋರಾಗಿ ವಿವರಿಸುವುದು ಅವರ ರಾಜನೀತಿ.

ಈ ಸಾಮ್ರಾಜ್ಯ ಅಲುಗಿದ್ದು ಹೋದ ಮುಂಗಾರಿನಲ್ಲಿ. ಅರಬ್ಬೀ ಸಮುದ್ರದ ಬಿರುಗಾಳಿ ಒಂದು ಹಕ್ಕಿಯನ್ನು ಹೊತ್ತು ತಂದು, ದೊಡ್ಡತಾಯಮ್ಮನವರ ಅಷ್ಟು ದೊಡ್ಡ ಹಿತ್ತಿಲನ್ನು ಬಿಟ್ಟು, ಮುತ್ತಮ್ಮನ ಕಲಗಚ್ಚಿನ ಬಾನಿಯ ಪಕ್ಕ ಬೀಳಿಸಿತು. ಗುಬ್ಬಿಗಿಂತ ತುಸು ದೊಡ್ಡದು. ಮಸಿಗಪ್ಪು ಮೈ, ಬಾಲದ ಬುಡದಲ್ಲಿ ಬಿಳಿ ಪಟ್ಟಿ, ಕೊಕ್ಕಿನ ಮೇಲೊಂದು ಪುಟ್ಟ ಕೊಳವೆ. ಕಡ್ಡಿ ಕಾಲಲ್ಲಿ ನಿಲ್ಲಲಾಗದೆ ಮಂಡಿಯೂರಿ ಕೂತಿತ್ತು.

ಹಕ್ಕಿ ಹುಚ್ಚಿನ ಸಂತೋಷ್ ಶ್ರೀರಂಗಪಟ್ಟಣದಿಂದ ಓಡಿಬಂದ. "ಸ್ಟಾರ್ಮ್ ಪೆಟ್ರೆಲ್ ಕಣ್ರೋ! ನಡುಗಡಲಲ್ಲೇ ಇರೋದು. ನೀರ್ ಮ್ಯಾಲೆ ಕಾಲು ಬಡ್ಕೊಂಡು ನಡ್ದಂಗೆ ಆರ್ತದೆ. ಮೊಟ್ಟೆ ಇಕ್ಕಕ್ಕೆ ಬುಟ್ರೆ ನೆಲಕ್ಕೇ ಬರಾಕಿಲ್ಲ."

ಬೀದಿಯೆಲ್ಲ ಮುತ್ತಮ್ಮನ ಅಂಗಳದಲ್ಲಿ. ಕಾಫಿಯೂ ಅಲ್ಲೇ!

ದೊಡ್ಡತಾಯಮ್ಮ ಕಾಂಪೌಂಡಿನ ಮೇಲೆ ಕತ್ತು ಚಾಚಿದರು. "ಏನಮ್ಮಿ ಮುತ್ತಿ, ಕಾಗೆ ಮರಿ ನೋಡಕ್ಕೂ ಇಷ್ಟು ಜನವಾ?"

"ಸಮುದ್ರದ್ದು ಕಣಕ್ಕೋ. ನಿಮ್ಮನೆ ಮ್ಯಾಲೇ ಆರ್ಕಂಡು ಬಂತು. ಯಾಕೋ ಇಳೀನಿಲ್ಲ."

ಆ ಮಾತು ಮೆಣಸಿನಕಾಯಿಯಂತೆ ಹತ್ತಿತು. ಅಷ್ಟರಲ್ಲಿ ಹಕ್ಕಿಯ ಮೂಗಿನಿಂದ ಒಂದು ಹನಿ ತೊಟ್ಟಿಕ್ಕಿದ್ದು ಅವರ ಕಣ್ಣಿಗೆ ಬಿತ್ತು. ನೆಗಡಿ! ನೆಗಡಿಯ ವಿಷಯದಲ್ಲಿ ಬೀದಿಗೆಲ್ಲ ಅವರದೇ ಕೊನೆಯ ಮಾತು. ಮಗಳ ಮದುವೆಯ ರೇಷ್ಮೆ ಸೀರೆ ಉಟ್ಟು, ಮೆಣಸಿನ ಕಷಾಯದ ಲೋಟ ಹಿಡಿದು ದಂಡೆತ್ತಿ ಹೋದರು.

"ಬ್ಯಾಡ ಕಣವ್ವಾ!" ಸಂತೋಷ್ ಕೂಗಿದ. "ಕುಡ್ದ ಉಪ್ಪುನೀರಿನ ಉಪ್ಪು ಮೂಗಲ್ಲಿ ಆಚೆ ಬತ್ತದೆ. ನೆಗಡಿ ಅಲ್ಲ!"

ಕೈ ಆಗಲೇ ಹಕ್ಕಿಯ ಮೇಲಿತ್ತು. ಹಕ್ಕಿ ಕೊಕ್ಕು ತೆರೆದು, ಹೊಟ್ಟೆಯಲ್ಲಿದ್ದ ಮೀನೆಣ್ಣೆಯನ್ನೆಲ್ಲ ರೇಷ್ಮೆ ಸೆರಗಿನ ಮೇಲೆ ಉಗಿಯಿತು. ಮುತ್ತಮ್ಮ ನಗುತ್ತಾ ಜಗಲಿಯ ಮೇಲೆ ಕುಸಿದಳು.

ಸಂತೋಷ್ ಹಕ್ಕಿಯನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು ಮಂಗಳೂರಿಗೆ ಒಯ್ದು ಕಡಲಿಗೆ ಬಿಟ್ಟ. ಮುತ್ತಮ್ಮನಿಗೆ ಉಳಿದದ್ದು ಫೋನಿನಲ್ಲೊಂದು ಫೋಟೋ.

ದೊಡ್ಡತಾಯಮ್ಮ ಸೀರೆಗೆ ಸೀಗೆಪುಡಿ ಹಾಕಿದರು, ಶ್ಯಾಂಪೂ ಸುರಿದರು. ನಾತ ಹೋಗಲಿಲ್ಲ. ಶಪಿಸುತ್ತಾ ತಂತಿಯ ಮೇಲೆ ಹರವಿದಾಗ, ದಾರಿಹೋಕರು ನಿಂತು ಮೂಸಿ, "ಏನಿದು?" ಎಂದರು. ಅಲ್ಲಿಗೆ ಸಾಮ್ರಾಜ್ಯ ಮರಳಿ ಸಿಕ್ಕಿತು. ಈಗ ಬಂದವರಿಗೆಲ್ಲ ಟ್ರಂಕು ತೆರೆದು, "ಮೂಸ್ರಪ್ಪಾ, ನಡುಗಡಲು!" ಎನ್ನುತ್ತಾರೆ. ಆಮೇಲೆ ಕಾಫಿ.

ಮೊನ್ನೆ ಕಾಂಪೌಂಡಿನಾಚೆಯಿಂದ ಮೆತ್ತಗಿನ ದನಿ: "ಅಕ್ಕೋ, ನಮ್ಮನೆಗೆ ನೆಂಟ್ರು ಬಂದವ್ರೆ. ಆ ಸೀರೆ ಒಸಿ ಕೊಡಕ್ಕೋ, ಮೂಸಿಸಿ ಕೊಟ್ಬುಡ್ತೀನಿ."

"ಯಾಕಮ್ಮಿ?" ಎಂದರು ದೊಡ್ಡತಾಯಮ್ಮ, ಬೀದಿಗೆಲ್ಲ ಕೇಳುವಂತೆ. "ನಿನ್ ತಾವ ಫೋಟೋ ಅದೆಯಲ್ಲ, ಅದ್ನೇ ಮೂಸಕ್ಕೆ ಕೊಡು!"