ಬಿಲ್ವದ ಬೇರಿನ ಬೂಷ್ಟು

ಪದ್ಮನಾಭನಗರದ ಕರಿಬಸವಯ್ಯನವರಿಗೆ ಕೈಕಟ್ಟಿ ಕೂರುವುದೆಂದರೆ ಆಗದು. ಜಯನಗರದ ಬಟ್ಟೆ ಅಂಗಡಿಯಲ್ಲಿ ಆಯುಸ್ಸೆಲ್ಲ ನಿಂತೇ ಕಳೆದವರು. ಸುಮ್ಮನಿರಿ ಎಂದರೆ ಬೈದಂತಾಗುತ್ತದೆ. ಹೆಂಡತಿ ಶಾಂತಾದೇವಿಗೆ ಲಕ್ವ ಹೊಡೆದು ಒಳಕೋಣೆಯ ಮಂಚ ಹಿಡಿದ ಮೇಲಂತೂ ಅವರ ಉಪಚಾರಕ್ಕೆ ಮಿತಿಯೇ ಇರಲಿಲ್ಲ. ಆಕೆಯ ಬಲಗೈ ಬಿದ್ದುಹೋಗಿತ್ತು. ಎಡ ಅಂಗೈಯ ಇಷ್ಟಲಿಂಗಕ್ಕೆ ಗಂಡನೇ ಪತ್ರೆ ಏರಿಸಬೇಕು, ಅದೂ ಹಿತ್ತಲಲ್ಲಿ ಆಕೆಯೇ ನೆಟ್ಟು ಬೆಳೆಸಿದ ಬಿಲ್ವದ್ದು. ಪಾಪ, ಆಕೆಗೆ ಉಳಿದಿದ್ದ ಸುಖ ಅದೊಂದೇ.

ಅಂಥ ಗಿಡದ ಎಲೆ ಯಾಕೋ ಪೇಲವವಾಯಿತು. ಕರಿಬಸವಯ್ಯ ಬುಡ ಕೆದಕಿದರು. ಬೇರಿಗೆ ಸಣ್ಣ ಬಿಳಿ ಎಳೆಗಳು ಸುತ್ತಿಕೊಂಡಿದ್ದವು. ಉಪ್ಪಿನಕಾಯಿಗೆ ಬರುವ ಬೂಷ್ಟು ಕಂಡವರಿಗೆ ಇನ್ನೇನು ಹೊಳೆದೀತು? ಸಿಕ್ಕಷ್ಟನ್ನು ಕೆರೆದು ತೆಗೆದರು, ಗಿಡಕ್ಕೆ ಶಕ್ತಿ ಬರಲೆಂದು ಯೂರಿಯಾ ಸುರಿದರು. ಎಲೆ ಕಡುಹಸಿರಾಯಿತು. ಹಿಗ್ಗಿ ಮತ್ತೆ ಮತ್ತೆ ಸುರಿದರು.

ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಿತು. ಗಿಡ ತುದಿಯಿಂದ ಒಣಗತೊಡಗಿತು. ಮಹಡಿಯಲ್ಲಿ ಬಾಡಿಗೆಗಿದ್ದ, ಮಣ್ಣಿನ ವಿಜ್ಞಾನ ಓದುವ ಲಿಖಿತಾಳನ್ನು ಕರೆದು ತೋರಿಸಿ, ನಡೆದದ್ದೆಲ್ಲ ಹೇಳಿದರು.

“ಅಯ್ಯೋ ಅಂಕಲ್, ಅದು ಬೂಷ್ಟಲ್ಲ, ಬೇರಿನ ಶಿಲೀಂಧ್ರ. ಎಲೇಲಿ ಮಾಡಿದ ಸಕ್ಕರೇನ ಗಿಡ ಅದಕ್ಕೆ ಕೊಡುತ್ತೆ. ಅದು ದೂರದಿಂದ ನೀರು, ಸತ್ವ ಎಳ್ಕೊಂಡು ಬಂದು ಗಿಡಕ್ಕೆ ಕೊಡುತ್ತೆ. ನೀವು ಯೂರಿಯಾ ಹಾಕಿ ಸಾರಜನಕಾನ ಬುಡಕ್ಕೇ ತಂದು ಸುರಿದ್ರಿ. ಗಿಡ ಸಕ್ಕರೆ ಕೊಡೋದು ಕಮ್ಮಿ ಮಾಡ್ತು, ಉಳಿದಿದ್ದ ಎಳೇನೂ ಸೊರಗೋಯ್ತು. ಬೋರ್‌ವೆಲ್ ನಿಂತಾಗ ದೂರದ ನೀರು ತಂದ್ಕೊಡೋಕೆ ಏನೂ ಉಳಿದಿರ್ಲಿಲ್ಲ. ಅದ್ರ ಮೂಲಕ ಮಣ್ಣಿಗೆ ಸೇರ್ತಿದ್ದ ಇಂಗಾಲಾನೂ ನಿಂತೋಯ್ತು.”

“ಈಗ ಏನಮ್ಮಾ ಮಾಡೋದು?”

ಹುಡುಗಿ ಕಾಂಡದ ತೊಗಟೆ ಕೆರೆದು ನೋಡಿದಳು. ಒಳಗೆ ಹಸಿರು ಇರಲಿಲ್ಲ. “ತಡ ಆಯ್ತು ಅಂಕಲ್.”

ಮರುದಿನ ಕರಿಬಸವಯ್ಯ ಮಾರ್ಕೆಟ್ಟಿನ ಪತ್ರೆ ತಂದು, ಏನೂ ಆಗದವರಂತೆ ಹೆಂಡತಿಯ ಅಂಗೈಯ ಲಿಂಗಕ್ಕೆ ಏರಿಸಿದರು. ಶಾಂತಾದೇವಿ ಅದನ್ನೇ ನೋಡಿದರು.

“ಇದು ನಮ್ದಲ್ಲ ಕಣ್ರೀ. ಗಿಡ ಹೋಯ್ತಾ?”

“ಹೋಯ್ತು.”

“ಯಾಕ್ರೀ?”

ಬಿಸಿಲಿನ ಮೇಲೋ ಬೋರ್‌ವೆಲ್ ಮೇಲೋ ಹಾಕಿ ಜಾರಿಕೊಳ್ಳಬಹುದಿತ್ತು. ಆ ಮುಖ ನೋಡಿಕೊಂಡು ಸುಳ್ಳು ಬಾಯಿಗೆ ಬರಲಿಲ್ಲ.

“ನಾನೇ ಸಾಯಿಸ್ಬಿಟ್ಟೆ ಕಣೇ. ಚೆನ್ನಾಗ್ ಆಗ್ಲಿ ಅಂತಾನೇ ಯೂರಿಯಾ ಹಾಕ್ದೆ.”

ಆಕೆ ಬೈಯಲಿಲ್ಲ. ಬೈದಿದ್ದರೆ ಕರಿಬಸವಯ್ಯ ಹೇಗೋ ತಡೆದುಕೊಳ್ಳುತ್ತಿದ್ದರು. ಶಾಂತಾದೇವಿ ಲಿಂಗದ ಮೇಲಿದ್ದ ಎಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಆಚೆ ಸರಿಸಿ, “ನಾಳೆಯಿಂದ ಪತ್ರೆ ಬೇಡ, ಬರೀ ವಿಭೂತಿ ಸಾಕು” ಎಂದು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.