ಟಿಟ್ಟಿಭದ ಸುತ್ತ ಇಟ್ಟ ಕಲ್ಲು

ಯುಗಾದಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಬೊಮ್ಮಸಂದ್ರದ ಹಿಂದಿನ ಕೆರೆ ಏರಿಯ ಮೇಲೆ ನಾವು ಏಳು ಜನ ಸೇರಿದ್ದೆವು. ಹಕ್ಕಿ ತೋರಿಸುವ ಹುಡುಗಿ, ಅಪಾರ್ಟ್‌ಮೆಂಟಿನ ಎರಡು ಜೋಡಿ, ನಾನು, ನನ್ನ ದೊಡ್ಡಮ್ಮ. ಎಲ್ಲರ ಕೊರಳಲ್ಲೂ ದುರ್ಬೀನು. ದೊಡ್ಡಮ್ಮನ ಸೊಂಟದಲ್ಲಿ ಎಲೆ ಅಡಿಕೆ ಚೀಲ.

ಅವಳು ಬಂದದ್ದು ಒಂದೇ ಹಕ್ಕಿಗಾಗಿ. ಕೆರೆಯಾಚೆ ಇದ್ದ ಅವಳ ರಾಗಿ ಹೊಲದಲ್ಲಿ ಈಗ ಕಾರ್ಖಾನೆಯ ಶೆಡ್ಡು ನಿಂತಿದೆ. "ಒಲದಾಗೆ ಟಿಟ್ಟಿಬ ಕೂಗೋದು ಕೇಳಿ ಎಷ್ಟು ವರ್ಸ ಆಯ್ತೋ ಮಗ, ಒಂದ್ಸಲ ಕೇಳಿಸು" ಎಂದು ಸಂಕ್ರಾಂತಿಯಿಂದ ನನ್ನ ಜೀವ ತಿಂದಿದ್ದಳು.

ಹುಡುಗಿ ನಾಮದಕೋಳಿ ತೋರಿಸಿದಳು, ಹೆಜ್ಜಾರ್ಲೆ ತೋರಿಸಿದಳು. ದೊಡ್ಡಮ್ಮ "ಊಂ" ಅಂದು ಮುಂದೆ ನಡೆದಳು.

"ಅಜ್ಜಿ ಹೆಣ್ಣು ನೋಡೋಕೆ ಬಂದ ಬೀಗರ ಥರ ಎಲ್ಲಾನೂ ಒಲ್ಲೆ ಅಂತಿದಾರಲ್ಲ ಸಾರ್!" ಎಂದು ಹುಡುಗಿ ನನ್ನ ಕಡೆ ನೋಡಿ ನಕ್ಕಳು.

ನೀರು ಬತ್ತಿದ ಕಡೆ ಇಳಿದೆವೋ ಇಲ್ಲವೋ, ಕೂಗು ಎದ್ದಿತು. ಟಿಟ್ಟಿಭ ನಮ್ಮ ತಲೆಯ ಮೇಲೆ ಸುತ್ತಿ ಸುತ್ತಿ ಬೈಯತೊಡಗಿತು. ದೊಡ್ಡಮ್ಮ ಮುಖ ಎತ್ತಿ, "ಬಯ್ಯವ್ವಾ, ಬಯ್ಯಿ" ಎಂದಳು. ಆಮೇಲೆ ನೆಲ ನೋಡಿದಳು. ಮಣ್ಣಿನದೇ ಬಣ್ಣದ ನಾಲ್ಕು ಮೊಟ್ಟೆ. ನಾವು ನೋಡುನೋಡುತ್ತಲೇ ಅದರ ಸುತ್ತ, ಮಾರು ದೂರ ಬಿಟ್ಟು, ಕಲ್ಲು ಇಟ್ಟುಬಿಟ್ಟಳು.

"ಅಜ್ಜಿ, ಏನ್ ಮಾಡ್ತಿದೀರಾ! ಗುರುತು ಕಂಡ್ರೆ ನಾಯಿ, ಕಾಗೆ ಬರ್ತವೆ!"

"ಉಳೋವಾಗ ಮೊಟ್ಟೆ ಸಿಕ್ರೆ ಇಂಗೇ ಕಣವ್ವಾ ಕಲ್ಲಿಡ್ತಿದ್ದಿದ್ದು. ಅಷ್ಟಗಲ ಉಳದೇ ಬಿಡ್ತಿದ್ವಿ."

"ಇಲ್ಲಿ ಯಾರು ಉಳ್ತಾರಜ್ಜಿ?"

ದೊಡ್ಡಮ್ಮ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. ಕಲ್ಲು ತೆಗೆಯಲು ಮತ್ತೆ ಹೋದರೆ ಹಕ್ಕಿಗೆ ಇನ್ನೂ ಗಾಬರಿ ಎಂದು ಹುಡುಗಿ ಎಲ್ಲರನ್ನೂ ಹೊರಡಿಸಿದಳು. ಮನೆ ತಲುಪುವವರೆಗೂ ದೊಡ್ಡಮ್ಮನದು ಒಂದೇ ಮಾತು: "ಇಷ್ಟು ದಿನಕ್ಕೆ ಸಿಕ್ತು. ನನ್ನಿಂದ್ಲೇ ಹಾಳಾದ್ರೆ ಏನ್ಲಾ ಮಾಡ್ಲಿ?"

ಮುಂದಿನ ವಾರ ಕೆರೆಯ ಹೂಳೆತ್ತಲು ಟಿಪ್ಪರುಗಳು ಇಳಿದವು. ಸುದ್ದಿ ಕೇಳಿ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಕೆರೆಯಂಗಳವೆಲ್ಲ ಕೆದರಿಹೋಗಿತ್ತು. ಚಕ್ರದ ಗುರುತು ಮಾತ್ರ ನೇರ ಬಂದು, ಕಲ್ಲುಗಳ ಹತ್ತಿರ ಬಾಗಿ, ಬಳಸಿಕೊಂಡು ಹೋಗಿತ್ತು. ನಡುವೆ ಅಷ್ಟಗಲ ನೆಲ ಹಾಗೇ ಉಳಿದಿತ್ತು. ಟಿಟ್ಟಿಭ ಕಾವಿಗೆ ಕೂತಿತ್ತು.

ದೊಡ್ಡಮ್ಮ ಏರಿಯ ಮೇಲೆ ಕೂತಳು. ಟಿಪ್ಪರು ಮಣ್ಣು ಸುರಿದು ಮರಳಿದಾಗ ಚಾಲಕನನ್ನು ಕೈಬೀಸಿ ಕರೆದಳು. "ನಿಮ್ಮೂರಾಗೆ ಒಲದಾಗೆ ಟಿಟ್ಟಿಬ ಇನ್ನೂ ಕೂಗ್ತವೇನಪ್ಪಾ?" ಎಂದು ಕೇಳಿ, ಒಂದು ಎಲೆ ಮಡಿಸಿ ಅವನ ಕೈಗಿಟ್ಟಳು.